ಕೆಡದ ತಿಂಡಿ

ಮತ್ತೆ ತಿರುಗಿಸಿದಳು ನೋಡು, ಪೊಟ್ಟಣದ ಮುಂಭಾಗದಲ್ಲಿ ಅಷ್ಟು ಚೆಂದದ ಬೆಟ್ಟ, ಬೆಟ್ಟದ ತುದಿಯಲ್ಲಿ ಕೈ ಎತ್ತಿ ನಿಂತ ಮನುಷ್ಯ, ಅದೆಲ್ಲ ಬೇಡ ಮಗಳಿಗೆ, ಹಿಂಭಾಗದ ಇರುವೆಸಾಲಿನಂಥ ಅಕ್ಷರವೇ ಬೇಕು, ಹೆಬ್ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿದೆ, ಕೊಬ್ಬು ಇಷ್ಟು, ಸಕ್ಕರೆ ಇಷ್ಟು, ಕ್ಯಾಲೊರಿ ಇಷ್ಟು — ಅಪ್ಪನೂ ಅದನ್ನೇ ಓದುತ್ತಿದ್ದಾನೆ, ಪಕ್ಕದಲ್ಲೇ ನಿಂತು, ಇನ್ನೊಂದು ಪೊಟ್ಟಣ ಹಿಡಿದು, ಅವನಿಗೆ ಅಂಕಿ ದೊಡ್ಡದಿರಬೇಕು, ಅವಳಿಗೆ ಚಿಕ್ಕದಿರಬೇಕು, ಒಂದೇ ಕಪಾಟಿನ ಮುಂದೆ ಅಪ್ಪ ಮಗಳು ಸದ್ದಿಲ್ಲದೆ ಹಗ್ಗಜಗ್ಗಾಟ ಆಡುತ್ತಿದ್ದಾರೆ, ನೋಡಿದವರಿಗೆ ಮಾತ್ರ ಎಷ್ಟು ಒಗ್ಗಟ್ಟಪ್ಪ ಇವರದ್ದು ಅನ್ನಿಸಬೇಕು. ಅಂಗಡಿಯ ಹೆಂಗಸಿಗೆ ಅನ್ನಿಸಿಯೇಬಿಟ್ಟಿದೆ, ಹಗ್ಗ, ಟೆಂಟು, ಟಾರ್ಚು ಮಾರುವವಳು, ಮೂಲೆಯ ಈ ಕಪಾಟಿನಲ್ಲಿ ಬೆಟ್ಟ ಹತ್ತುವವರ ತಿಂಡಿ ಇಟ್ಟಿದ್ದಾಳೆ, ನೆರೆ ಬಂದರೆ, ಕರೆಂಟು ಹೋದರೆ ಅಂತ ಮನೆಯಲ್ಲಿ ಕೂಡಿಡುವವರೂ ಇದನ್ನೇ ಒಯ್ಯುತ್ತಾರಂತೆ, ಒಂದು ತುಂಡು ತಿಂದ್ರೆ ಅರ್ಧ ದಿನ ನಡೀಬಹುದು ಸಾರ್, ವರ್ಷ ಇಟ್ರೂ ಕೆಡಲ್ಲ, ಮಗಳಿಗೇನು ಬಿಡಿ, ಕಲ್ಲು ತಿಂದು ಕರಗಿಸೋ ವಯಸ್ಸು. ಅವನು ನಕ್ಕ, ನಗದೆ ಏನು ಮಾಡುತ್ತಾನೆ, ಕಲ್ಲು ಬೇಡಮ್ಮ, ಒಂದು ಗೋಡಂಬಿ ಕರಗಿಸಿದರೆ ಸಾಕು ಅಂತ ಹೇಳಲಾಗುತ್ತದೆಯೇ.

ಕೆಡುವುದಿಲ್ಲ, ಹೌದು, ಕಳೆದ ಪ್ರವಾಸಕ್ಕೆ ಕೊಟ್ಟದ್ದೂ ಕೆಡಲಿಲ್ಲ — ಒಣ ಅಂಜೂರ, ಚಾಕೊಲೇಟು, ಚೀಲ ಖಾಲಿಯಾಗಿ ಬಂದದ್ದು ಕಂಡು ಅವನೂ ಹೆಂಡತಿಯೂ ಅಡುಗೆಮನೆಯಲ್ಲಿ ಕದ್ದು ಕಣ್ಣೊರೆಸಿಕೊಂಡಿದ್ದರು, ಮರುದಿನ ಮಗಳ ಗೆಳತಿಯ ಅಮ್ಮ ರಸ್ತೆಯಲ್ಲಿ ಸಿಕ್ಕಿ, ನಿಮ್ಮ ಮಗಳ ಕೈ ಎಷ್ಟು ಧಾರಾಳ, ತಂದಿದ್ದನ್ನೆಲ್ಲ ನಮ್ಮ ಹುಡುಗಿಗೇ ಕೊಟ್ಟುಬಿಟ್ಲಂತೆ — ಅಯ್ಯೋ ಅದಕ್ಕೇನಂತೆ ಬಿಡಿ ಅಂದ, ಹೆಂಡತಿಗೆ ಇಂದಿಗೂ ಹೇಳಿಲ್ಲ. ಅವಳೋ ಮೊದಲೇ ಸೋತು ಕೂತವಳು, ಹಾಲಿಗೆ ಕದ್ದು ಕೆನೆ ಬೆರೆಸಿದ್ದು ಒಂದೇ ಗುಟುಕಿಗೆ ಮಗಳಿಗೆ ಗೊತ್ತಾಗಿಹೋಯಿತು, ಅಂದಿನಿಂದ ಅಮ್ಮ ಕೊಟ್ಟ ನೀರನ್ನೂ ಮೂಸಿ ನೋಡುತ್ತಾಳೆ, ನಾನು ತಂದ್ರೆ ಮುಟ್ಟಲ್ಲ ರೀ, ನೀವೇ ಕರ್ಕೊಂಡು ಹೋಗಿ, ಅವಳೇ ಆರಿಸ್ಲಿ. ಈ ಸಲದ ಬೆಟ್ಟದ ಪ್ರವಾಸಕ್ಕೆ ಡಾಕ್ಟರಮ್ಮ ಒಪ್ಪಿದ್ದೇ ಷರತ್ತಿನ ಮೇಲೆ, ಆಗಾಗ ಏನಾದ್ರೂ ಬಾಯಿಗೆ ಬೀಳ್ತಾ ಇದ್ರೆ ಮಾತ್ರ ಬೆಟ್ಟ, ಅಲ್ಲಿ ಕುಸಿದುಬಿದ್ರೆ ಹೊತ್ತು ಇಳಿಸೋಕೂ ಹೊತ್ತಾಗುತ್ತೆ — ಕುಸಿಯುವುದೆಂದರೆ ಏನೆಂದು ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ, ಆ ದಿನ ಮನೆಯ ಮೆಟ್ಟಿಲ ಮೇಲೆ ಸದ್ದೇ ಆಗಲಿಲ್ಲ, ಒಗೆಯಲು ಹಾಕಿದ ಬಟ್ಟೆಯ ಹಾಗೆ ಬಿದ್ದಿದ್ದಳು, ಎತ್ತಿಕೊಂಡ, ಎತ್ತಿಕೊಂಡಾಗ ಕೈ ತಾನಾಗಿ ತೂಗಿತು, ಬೇಡವೆಂದರೂ ತೂಗಿತು. ಅದೇ ಕೆಲಸವಲ್ಲವೇ ಅವನದು, ಹೆದ್ದಾರಿಯ ವೇಬ್ರಿಡ್ಜಿನಲ್ಲಿ ಕಿಟಕಿ ಪಕ್ಕ ಕೂತು ಲಾರಿಗಳ ತೂಕ ಕೂಗುವುದು, ಖಾಲಿ ಲಾರಿ ಇಷ್ಟು, ತುಂಬಿದ ಲಾರಿ ಇಷ್ಟು, ಡ್ರೈವರುಗಳು ಎಷ್ಟು ಗೋಗರೆದರೂ ಒಂದು ಕಿಲೊ ಆಚೀಚೆ ಮಾಡದ ಗಂಟಲು, ಆದರೆ ಡಾಕ್ಟರಮ್ಮನ ಕೋಣೆಯಲ್ಲಿ ಮಗಳು ಅಂಕಿಗೆ ಬೆನ್ನು ಹಾಕಿ ತೂಕದ ಯಂತ್ರ ಹತ್ತಿದಾಗ, ಅವಳಿಗೆ ಕಾಣಬಾರದ್ದು ಅವನಿಗೆ ಕಾಣುವಾಗ, ತುಟಿ ಹೊಲಿದುಕೊಂಡು ನಿಲ್ಲಬೇಕು, ಮತ್ತು ಅವಳು ಅಪ್ಪನ ಮುಖದಲ್ಲೇ ತೂಕ ಓದಿಕೊಳ್ಳುತ್ತಾಳೆ. ಬೆಟ್ಟ ಬೇಡ ಅಂದುಬಿಡಬಹುದಿತ್ತು. ಆದರೆ ಎಷ್ಟೋ ತಿಂಗಳಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ, ನಂಗೆ ಹೋಗ್ಬೇಕು ಅಪ್ಪ, ಬೇಕು ಅನ್ನುವ ಮಾತನ್ನೇ ಮರೆತ ಹುಡುಗಿ ಬೇಕು ಅಂದಳಲ್ಲ, ಅದಕ್ಕೆ ಇಲ್ಲ ಅನ್ನಲು ಯಾವ ಅಪ್ಪನಿಗೆ ಬಾಯಿ ಬರುತ್ತದೆ.

ಬುಟ್ಟಿ ತುಂಬುತ್ತಿದೆ, ಅವಳು ಯಾವುದಕ್ಕೂ ಬೇಡ ಅನ್ನುತ್ತಿಲ್ಲ, ಅವನಿಗೆ ಭಯ ಅದೇ, ಗೋಡಂಬಿ ಹಾಕ್ಲಾ, ಹಾಕಪ್ಪ, ಕಡಲೆಕಾಯಿ ಬೆಣ್ಣೆ, ಹಾಕಪ್ಪ, ಖರ್ಜೂರ ಅರೆದು ಬಾದಾಮಿ ಒತ್ತಿದ, ಚಿಕ್ಕಿಯಂಥ ಈ ಬಾರು, ಅದೂ ಹಾಕು — ತಿನ್ನದಿರಲು ಮನಸ್ಸು ಮಾಡಿದವಳಿಗೆ ಯಾವುದಾದರೇನು. ಇದು ಬಿಸಿಲಿಗೆ ಕರಗುತ್ತದೆಯೇ, ಇದು ಚಳಿಗೆ ಗಟ್ಟಿಯಾಗುತ್ತದೆಯೇ, ಅಂಗಡಿಯವಳನ್ನು ಕೇಳುತ್ತಲೇ ಇದ್ದಾನೆ, ಕೇಳಬೇಕಾದವಳನ್ನು ಕೇಳಲು ಧೈರ್ಯವಿಲ್ಲದೆ, ಕೊನೆಗೆ ಬಾಯಿ ಜಾರಿತು, ಒಂದು ಇಲ್ಲೇ ತಿಂದು ನೋಡು ಪುಟ್ಟಿ, ರುಚಿ ಹಿಡಿಸದಿದ್ರೆ ಬೇರೆ ತಗೊಳ್ಳೋಣ — ಎಷ್ಟು ಹಗುರವಾಗಿ ಹೇಳಿದ್ದಾನೆ, ಆದರೂ ಅವಳ ಹೆಬ್ಬೆರಳು ನಿಂತಿತು. ಸರಿ ಅಂದಳು. ಸರಿ ಅಂದಳಾ, ಹೌದು, ಖರ್ಜೂರದ ಬಾರಿನ ಹೊದಿಕೆ ಹರಿದಳು, ತುದಿ ಮುರಿದಳು, ಎರಡು ಬೆರಳಲ್ಲಿ ಹಿಡಿದಳು, ಅವನು ನೋಡಿಯೂ ನೋಡದವನಂತೆ ಟಾರ್ಚುಗಳ ಕಡೆ ತಿರುಗಿದ್ದಾನೆ, ಕೈ ಮೇಲೇಳುತ್ತಿದೆ, ಅಂಗಿಯ ತೋಳು ಜಾರಿ ಮಣಿಕಟ್ಟು ಕಾಣುತ್ತಿದೆ, ಎರಡು ಬೆರಳು ಹತ್ತಿರ ಬರುತ್ತಿವೆ, ಅವನ ಹತ್ತಿರ, ಅವನ ತುಟಿಯ ಹತ್ತಿರ, ಬೆಳಗ್ಗಿಂದ ನೀನೇ ಏನೂ ತಿಂದಿಲ್ಲ ಅಪ್ಪ, ಆ ಅನ್ನು. ಅಂಗಡಿಯ ಹೆಂಗಸು ನೋಡುತ್ತಿದ್ದಾಳೆ, ಪುಣ್ಯ ಮಾಡಿದ್ರಿ ಸಾರ್, ಬಾಯಿ ತೆರೆಯಿತು, ಮಗಳು ಕೈಯೆತ್ತಿ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ, ಜಗಿದ, ಸಿಹಿ, ಹಸಿವಾಗಿತ್ತು, ರುಚಿಯಾಗಿದೆ, ಥೂ, ಎಷ್ಟು ರುಚಿಯಾಗಿದೆ, ಚೆನ್ನಾಗಿದೆಯಲ್ವಾ, ಹಾಗಾದ್ರೆ ಇದನ್ನೇ ಜಾಸ್ತಿ ತಗೊಳ್ಳೋಣ ಅನ್ನುತ್ತಿದ್ದಾಳೆ, ಅವಳ ಬೆರಳ ತುದಿಗೆ ಖರ್ಜೂರ ಅಂಟಿದೆ, ಇಷ್ಟೇ ಇಷ್ಟು, ಒಂದು ಅಕ್ಕಿಕಾಳಿನಷ್ಟು, ಅದನ್ನಾದರೂ ನೆಕ್ಕು ಮಗಳೇ, ಅಷ್ಟನ್ನಾದರೂ — ಕರವಸ್ತ್ರ ತೆಗೆದಳು, ಒರೆಸಿದಳು, ಉಗುರಿನ ಸಂದಿಯನ್ನೂ ಒರೆಸಿದಳು, ಎರಡು ಬೆರಳು, ಹಣ ಕೊಡಬೇಕು, ಚೀಲ ಎತ್ತಬೇಕು, ಎರಡು ಬೆರಳು, ಒರೆಸುತ್ತಿದ್ದಾಳೆ, ಇನ್ನೂ ಒರೆಸುತ್ತಲೇ ಇದ್ದಾಳೆ