ಪೇಟೆ ಬೀದಿಯ ಮೇಲಂತಸ್ತು

"ಇಳೀರಿ ಕೆಳಗೆ! ಅವ್ವನ ಫೋಟೋ ಇಲ್ಲಿ ಕಟ್ಟಬ್ಯಾಡ್ರಿ" ಎಂದು ಹೇಮಾವತಿ ಏಣಿಯ ಬುಡದಲ್ಲಿ ನಿಂತು ಕೂಗಿದಾಗ, ಮೇಲಿದ್ದ ಹನುಮೇಶ್ ಬಾಯಲ್ಲಿ ಕಚ್ಚಿಕೊಂಡಿದ್ದ ತಂತಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ.

ಹೊಸದುರ್ಗದ ಪೇಟೆ ಬೀದಿಗೆ ಇನ್ನೂ ಪೂರ್ತಿ ಬೆಳಗಾಗಿರಲಿಲ್ಲ. ತೋಟಗಳ ಕಡೆಯಿಂದ ಬಂದ ತೆಳ್ಳನೆಯ ಮಂಜು ಅಂಗಡಿಗಳ ಬಾಗಿಲ ಮಟ್ಟದಲ್ಲಿ ನಿಂತಿತ್ತು. ಬೀದಿ ನೀರಿನೊಳಗೆ ಇದ್ದಂತೆ ಕಾಣುತ್ತಿತ್ತು.

ಹೇಮಾವತಿಯ ತಾಯಿ ಚಂದ್ರಕ್ಕ ಹಿಂದಿನ ದಿನ ಮಧ್ಯಾಹ್ನ ಉಂಡು ಮಲಗಿದವಳು ಎದ್ದಿರಲಿಲ್ಲ. ಎಪ್ಪತ್ತೆರಡು ವರ್ಷ. ಈ ಬೀದಿಯ ಗೋಡೆಗಳಿಗೆ ಸುಣ್ಣ ಬಣ್ಣ ಹೊಡೆದು ಬದುಕಿದವಳು. ದೇಹವನ್ನು ಮನೆಯ ಜಗಲಿಯಲ್ಲಿ ಮಲಗಿಸಿದ್ದರು. ವರ್ತಕರ ಸಂಘದವರು ಪೇಟೆಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸುತ್ತಿದ್ದಾರೆಂದು ಯಾರೋ ಹೇಳಿದ್ದೇ ತಡ, ಹೆಂಗಸರು ತಡೆದರೂ ಕೇಳದೆ ಹೇಮಾವತಿ ಬರಿಗಾಲಲ್ಲಿ ನಡೆದು ಬಂದಿದ್ದಳು. ಅವ್ವನಿಗೆ ಫ್ಲೆಕ್ಸ್ ಎಂದರೆ ಆಗುತ್ತಿರಲಿಲ್ಲ. ಫ್ಲೆಕ್ಸ್ ಅಂಗಡಿಯ ಹನುಮೇಶನಂತೂ ಕಣ್ಣೆದುರು ಬರಬಾರದಿತ್ತು. ಹೇಮಾವತಿಗೆ ಗೊತ್ತಿದ್ದದ್ದು ಅಷ್ಟು.

"ಕೇಳಿಸ್ತಾ ಇಲ್ವಾ? ಸತ್ತ ಮೇಲಾದ್ರೂ ಅವ್ವನ್ನ ಬಿಡ್ರಿ."

ಹನುಮೇಶ್ ಮೆಲ್ಲಗೆ ಇಳಿದ. ಐವತ್ತರ ಆಳು, ರಾತ್ರಿ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು.

"ಕಟ್ತಾ ಇಲ್ಲ ಕಣಮ್ಮ, ಬಿಚ್ತಾ ಇದೀನಿ. ಮೇಲೆ ನೋಡು."

* * *

ಚಂದ್ರಕ್ಕ ಬಾಗೂರಿನಿಂದ ಮದುವೆಯಾಗಿ ಬಂದ ದಿನ ಬಸ್ಸು ಅವಳನ್ನು ಇದೇ ಬೀದಿಯ ತುದಿಯಲ್ಲಿ ಇಳಿಸಿತ್ತು. ಆಗ ಅವಳಿಗೆ ಹದಿನೆಂಟು. ಬಾಸಿಂಗದ ಗುರುತು ಇನ್ನೂ ಹಣೆಯ ಮೇಲಿತ್ತು. ತಲೆಯೆತ್ತಿದರೆ ಅಂಗಡಿಗಳ ಮೇಲಂತಸ್ತು ಉದ್ದಕ್ಕೆ ಹಬ್ಬಿತ್ತು; ಕಮಾನಿನ ಕಿಟಕಿಗಳು, ಮರದ ಕಂಬಿಗಳು, ಗಾರೆಯ ಹೂಬಳ್ಳಿ, ತಿಳಿ ಹಳದಿ, ತಿಳಿ ನೀಲಿ, ಮತ್ತೆ ಹಳದಿ. ಒಂದೇ ದೊಡ್ಡ ಮನೆಯೆಂದು ಅವಳು ತಿಳಿದಳು.

"ಇದು ಯಾರ ಮನೆ?" ಎಂದು ಗಂಡನನ್ನು ಕೇಳಿದಳು.

ಬಣ್ಣ ಹೊಡೆಯುವ ಪಾಲಯ್ಯ ನಕ್ಕುಬಿಟ್ಟ. "ನಮ್ದೇ. ವರ್ಷಕ್ಕೊಂದ್ಸಲ ನಾನೇ ಸುಣ್ಣ ಹೊಡಿಯದು."

ಹೇಮಾವತಿಗೆ ಆರು ವರ್ಷವಾಗಿದ್ದಾಗ ಪಾಲಯ್ಯ ಜ್ವರದಲ್ಲಿ ಹೋದ. ಹದಿನೈದು ದಿನ ಕಳೆದ ಮೇಲೆ ಚಂದ್ರಕ್ಕ ಸೀರೆಯನ್ನು ಕಚ್ಚೆ ಹಾಕಿಕೊಂಡು, ಗಂಡನ ಏಣಿಯನ್ನು ಹೊತ್ತು ಪೇಟೆಗೆ ಬಂದಳು. ಹೆಂಗಸು ಏಣಿ ಹತ್ತುವುದನ್ನು ನೋಡಲು ಜನ ಸೇರಿದರು. ಎರಡನೇ ದಿನ ಅರ್ಧ ಜನ ಬಂದರು. ನಾಲ್ಕನೇ ದಿನ ಯಾರೂ ನಿಲ್ಲಲಿಲ್ಲ.

ತೆಂಗಿನ ನಾರಿನ ಕುಂಚವನ್ನು ಅವಳೇ ಕಟ್ಟಿಕೊಳ್ಳುತ್ತಿದ್ದಳು. ಅಂಗಡಿಯವರು ಹೇಳಿದ ಬಣ್ಣವನ್ನು ಹೊಡೆಯುತ್ತಿದ್ದದ್ದು ಕಡಿಮೆ. "ನಿಮ್ಮ ಪಕ್ಕದೋರು ಹಳದಿ ಹೊಡ್ಸವ್ರೆ. ನೀವೂ ಅದ್ನೇ ಹೊಡ್ಸಿದ್ರೆ ಕಣ್ಣಿಗೆ ಬಿಡುವೆಲ್ಲಿ ಸಿಗ್ತೈತೆ? ನೀಲಿ ಹಾಕ್ತೀನಿ, ಸುಮ್ನಿರ್ರಿ" ಎನ್ನುತ್ತಿದ್ದಳು. ಕೆಳಗಿನ ಕೆಲಸ ಮುಗಿದ ಮೇಲೆ ಉಳಿದ ಬಣ್ಣಕ್ಕೆ ನೀರು ಬೆರೆಸಿ, ಯಾರೂ ಹೇಳದ ಮೇಲಿನ ಸೂರಿನಂಚನ್ನೂ ತೀಡಿ ಇಳಿಯುತ್ತಿದ್ದಳು.

* * *

ಹೇಮಾವತಿ ತಲೆಯೆತ್ತಿದಳು.

ಬೀದಿಯ ಎಡಸಾಲಿನಲ್ಲಿ ಏಳು ಅಂಗಡಿಗಳ ಮೇಲೆ ಫ್ಲೆಕ್ಸ್ ಇರಲಿಲ್ಲ. ಹುಟ್ಟುಹಬ್ಬದ ಶುಭಾಶಯಗಳು, ಹಬ್ಬದ ರಿಯಾಯಿತಿಗಳು, ಕೈಮುಗಿದ ಮುಖಗಳು ಎಲ್ಲವೂ ಸುರುಳಿಯಾಗಿ, ಪಕ್ಕದಲ್ಲಿ ನಿಂತಿದ್ದ ಆಟೋದೊಳಗೆ ಬಿದ್ದಿದ್ದವು. ಅವುಗಳ ಹಿಂದೆ ಪಾಚಿ, ಜೇಡರ ಬಲೆ, ಉದುರಿದ ಗಾರೆ ಇರಬೇಕಿತ್ತು. ಆದರೆ ಅಲ್ಲಿ ತಿಳಿ ಹಳದಿ ಇತ್ತು. ಅದರ ಪಕ್ಕ ತಿಳಿ ನೀಲಿ. ಬಣ್ಣ ಹೊಸದಾಗಿತ್ತು. ಮಂಜಿನಲ್ಲಿ ಗೋಡೆಗಳು ನೆಲಕ್ಕೆ ತಾಗದೆ ತೇಲುತ್ತಿದ್ದಂತೆ ಕಂಡವು.

"ಯಾರು ಹೊಡೆದದ್ದು ಇದನ್ನ?"

ಹನುಮೇಶ್ ಏಣಿಯ ಮೆಟ್ಟಿಲನ್ನು ಉಗುರಿನಿಂದ ಕೆರೆಯುತ್ತ ನಿಂತ. "ಇನ್ಯಾರು ಹೊಡೀತಾರೆ?"

"ಅವ್ವ ಕೆಲಸ ಬಿಟ್ಟು ಒಂಬತ್ತು ವರ್ಷ ಆತು. ಮಂಡಿನೋವು ಅಂತ ನಾನೇ ಏಣಿ ಮಾರಿಸಿದ್ದೆ."

"ಏಣಿ ನಂದು."

* * *

ಹನ್ನೊಂದು ವರ್ಷದ ಹಿಂದೆ, ತಾನು ಬಣ್ಣ ಹೊಡೆದ ಗೋಡೆಯನ್ನು ಮುಚ್ಚಿ ಹನುಮೇಶ್ ಕಟ್ಟಿದ ಫ್ಲೆಕ್ಸೊಂದನ್ನು ಚಂದ್ರಕ್ಕ ಕುಡುಗೋಲಿನಿಂದ ಕೊಯ್ದು ಬೀಳಿಸಿದ್ದಳು. ಅವನು ಓಡಿ ಬಂದು ಬಾಯಿಗೆ ಬಂದಂತೆ ಬೈದ. ಊರೆಲ್ಲ ನೋಡಿದ ಜಗಳ ಅದು. ಹೇಮಾವತಿ ಅವ್ವನ ತೋಳು ಹಿಡಿದು ಎಳೆದುಕೊಂಡು ಹೋಗಿದ್ದಳು.

ಊರು ನೋಡದಿದ್ದದ್ದು ಮೂರು ದಿನದ ನಂತರ ನಡೆದದ್ದು. ಅಂಗಡಿ ತೆರೆಯುವ ಹೊತ್ತಿಗೆ ಚಂದ್ರಕ್ಕ ಬಂದು ಹನುಮೇಶನ ಪ್ರಿಂಟಿಂಗ್ ಮೆಷಿನ್ನಿನ ಪಕ್ಕ ಕುಳಿತಳು.

"ಜನ ಕಟ್ಸೋದು ನಿಲ್ಲಲ್ಲ. ನೀನು ಬಿಟ್ರೆ ಇನ್ನೊಬ್ಬ ಕಟ್ತಾನೆ. ಅದು ನನಗೂ ಗೊತ್ತೈತೆ" ಎಂದಳು. "ಒಂದು ಮಾಡು. ಹಳೇದು ಬಿಚ್ಚಿ ಹೊಸದು ಕಟ್ಟೋ ಮಧ್ಯೆ ನನಗೊಂದು ಬೆಳಗಿನ ಜಾವ ಬಿಡು, ಪೇಟೆ ಏಳೋದ್ರೊಳಗೆ ಹೊಡೆದು ಮುಗಿಸ್ತೀನಿ."

"ಫ್ಲೆಕ್ಸ್ ಹಿಂದೆ ಬಣ್ಣ ಹೊಡೆದ್ರೆ ಯಾರು ನೋಡ್ತಾರೆ?"

"ಯಾವತ್ತಾದ್ರೂ ಬಿಚ್ತಾರಲ್ಲ, ಆವತ್ತು ನೋಡ್ತಾರೆ. ಅಷ್ಟೊತ್ತಿಗೆ ಗೋಡೆ ಹಾಳಾಗಿದ್ರೆ ಕೆಡವಿ ಬಿಡಾಣ ಅಂತಾರೆ."

ಅವನಿಗೆ ನಗು ಬಂತು. ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡೇ ಒಪ್ಪಿದ.

* * *

"ಎಪ್ಪತ್ತರ ಮುದುಕೀನ ಏಣಿ ಹತ್ತಿಸ್ತಿದ್ರಾ?" ಹೇಮಾವತಿ ಏಣಿಯ ತುದಿಯತ್ತ ನೋಡಿದಳು. "ಬಿದ್ದಿದ್ರೆ?"

"ಏಣಿ ನಾನು ಹಿಡ್ಕಂತಿದ್ದೆ. ಕೊನೇ ಎರಡು ವರ್ಷ ನಾನೇ ಹತ್ತಿದ್ದು. ಆಯಮ್ಮ ಕೆಳಗೆ ನಿಂತು ಬೈತಿತ್ತು. 'ಲೇ, ಗೋಡೆಗೆ ಹೊಡಿ, ಗಾಳಿಗೆ ಹೊಡೀಬ್ಯಾಡ' ಅಂತ."

ಹೇಮಾವತಿಗೆ ಅಳು ಬರಬೇಕಿತ್ತು. ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೆಳಗಿನ ಜಾವ ದೇವಸ್ಥಾನಕ್ಕೆಂದು ಹೋಗಿ ಹಿಂದಿರುಗುತ್ತಿದ್ದ ಅವ್ವ, ಅವಳ ಸೀರೆಯಂಚಿನ ನೀಲಿ ಚುಕ್ಕಿ, ತಾನು ಬೈದಾಗ ಪೂಜೆಯ ರಂಗೋಲಿಯೆಂದು ಹೇಳಿದ ಸುಳ್ಳು, ಎಲ್ಲ ನೆನಪಾಯಿತು.

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಹೆದರ್ಕಂತೀಯ ಅಂತ. ಮಗಳಿಗೆ ಹೇಳಿದ್ರೆ ನಿನ್ನ ಹೂತು ಹಾಕ್ತೀನಿ ಅಂದಿತ್ತು ನನಗೆ." ಅವನು ಮುಖ ತಿರುಗಿಸಿದ. "ಈಗ ಯಾರು ಹೂಳ್ತಾರೆ, ಅದ್ಕೇ ಹೇಳ್ದೆ."

ಅಷ್ಟರಲ್ಲಿ ಬಟ್ಟೆ ಅಂಗಡಿಯ ಮುರುಗಪ್ಪ ಬಂದರು. ವರ್ತಕರ ಸಂಘದ ಅಧ್ಯಕ್ಷರು. ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಹೇಳಿದ್ದವರೂ ಅವರೇ. ಹೇಮಾವತಿಯನ್ನು ಕಂಡು ಕೈಮುಗಿದರು. ಆಮೇಲೆ ಆಟೋದಲ್ಲಿ ತಮ್ಮ ಅಂಗಡಿಯ ಫ್ಲೆಕ್ಸ್ ಸುರುಳಿಯಾಗಿ ಬಿದ್ದಿರುವುದನ್ನು ಕಂಡರು.

"ಏನಪ್ಪ ಹನುಮೇಶ, ಯಾರನ್ನ ಕೇಳಿ ಬಿಚ್ಚಿದೆ? ನಾನು ಹೇಳಿದ್ದು ಚಂದ್ರಕ್ಕನದು ಕಟ್ಟು ಅಂತ. ಎಲ್ಲಾರದೂ ಕಿತ್ತಾಕು ಅಂದ್ನಾ?"

"ಇವತ್ತೊಂದು ದಿನ ಅಣ್ಣ. ನಾಳೆ ಎಲ್ಲಾ ನಾನೇ ಕಟ್ತೀನಿ. ಆಯಮ್ಮ ಈ ದಾರೀಲಿ ಹೋಗೋವಾಗ ಈ ಫ್ಲೆಕ್ಸೊಂದು ಬ್ಯಾಡ."

"ಅಲ್ಲಯ್ಯ, ಉಳಿದೋರಿಗೆ ನಾನೇನು ಹೇಳ್ಲಿ..." ಎನ್ನುತ್ತ ಮುರುಗಪ್ಪ ತಮ್ಮ ಅಂಗಡಿಯ ಕಡೆ ಕೈ ತೋರಿಸಿದರು. ಕೈ ಅಲ್ಲೇ ನಿಂತಿತು.

ನೀಲಿ ಗೋಡೆಯ ನಡುವೆ ಗಾರೆಯ ನವಿಲೊಂದು ಗರಿ ಬಿಚ್ಚಿತ್ತು. ಕೆಳಗೆ ಅವರ ತಂದೆ ಬರೆಸಿದ ಇಸವಿ, ಸಾವಿರದ ಒಂಬೈನೂರ ಐವತ್ತೆಂಟು. ಪ್ರತಿ ಗರಿಯ ಕಣ್ಣನ್ನೂ ಸಣ್ಣ ಕುಂಚದಿಂದ ಹೊಸದಾಗಿ ತಿದ್ದಲಾಗಿತ್ತು.

"ನಮ್ಮಪ್ಪನ ನವಿಲು" ಎಂದರು. "ಉದುರಿಹೋಗಿರಬೇಕು ಅಂತ ಮಾಡಿದ್ದೆ."

ತೆಂಗಿನಕಾಯಿ ತುಂಬಿದ ಲಾರಿಯೊಂದು ನಿಧಾನವಾಗಿ ದಾಟಿಹೋಯಿತು.

"ಬಲಸಾಲಿಂದೂ ಬಿಚ್ಚು" ಎಂದರು ಮುರುಗಪ್ಪ. "ಕೇಳಿದೋರಿಗೆ ನಾನು ಹೇಳ್ತೀನಿ."

ಹೇಮಾವತಿ ಮನೆಗೆ ಮರಳಿದಳು. ಅವ್ವನ ಬಲಗೈ ಬಿಡಿಸಿ ನೋಡಿದಳು. ಸುಣ್ಣ ತಿಂದ ಬೆರಳ ತುದಿಗಳು ನುಣ್ಣಗಿದ್ದವು. ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಆಗ ಅತ್ತಳು.

ಚಟ್ಟ ಪೇಟೆಗೆ ಬಂದಾಗ ಹನ್ನೊಂದು ದಾಟಿತ್ತು. ಹಲಗೆ ಬಡಿಯುವವರು ಮುಂದೆ, ಮಂಡಕ್ಕಿ ಎರಚುವವರು ಅವರ ಹಿಂದೆ. ಬೀದಿಯ ಬಾಯಿಗೆ ಬಂದೊಡನೆ ಹಲಗೆಯ ಪೆಟ್ಟು ತಪ್ಪಿತು, ನಂತರ ನಿಂತಿತು. ಎರಡೂ ಸಾಲುಗಳು ಉದ್ದಕ್ಕೆ ಬಣ್ಣ ಬಿಟ್ಟುಕೊಂಡು ನಿಂತಿದ್ದವು. ನಡುನಡುವೆ ಎರಡು ಮೂರು ಗೋಡೆಗಳು ಮಾತ್ರ ಕಪ್ಪಾಗಿದ್ದವು. ಅವುಗಳಿಗೆ ಬಣ್ಣದ ಸರದಿ ಬಂದಿರಲಿಲ್ಲ.

"ಇದು ನಮ್ಮ ಪೇಟೇನಾ?" ಎಂದಳು ಬಾಗೂರಿನಿಂದ ಬಂದಿದ್ದ ಚಂದ್ರಕ್ಕನ ತಂಗಿ ಏಕಾಂತಮ್ಮ. "ನಾನು ಹುಡುಗಿ ಇದ್ದಾಗ ಹಿಂಗಿತ್ತು. ಕನಸು ಅನ್ಕಂಡಿದ್ದೆ."

"ನಡೀರಿ, ಹೊತ್ತಾಗ್ತೈತೆ" ಎಂದರು ಹಿಂದಿನವರು.

ಚಟ್ಟ ಹೊತ್ತವರು ನಡೆದರು, ಆದರೆ ಮೆಲ್ಲಗೆ. ಹೆಗಲು ಕೊಟ್ಟಿದ್ದ ಹನುಮೇಶ್ ಒಮ್ಮೆಯೂ ತಲೆಯೆತ್ತಲಿಲ್ಲ.

ಮಣ್ಣು ಮಾಡಿ, ಕೆರೆಯಲ್ಲಿ ಕೈಕಾಲು ತೊಳೆದು ಹೆಂಗಸರ ಜೊತೆ ಹೇಮಾವತಿ ಅದೇ ದಾರಿಯಲ್ಲಿ ಹಿಂದಿರುಗುವಾಗ ಸಂಜೆಯಾಗುತ್ತಿತ್ತು. ಪೇಟೆ ಎಂದಿನಂತೆ ನಡೆದಿತ್ತು. ಬೈಕುಗಳು, ಹೂವಿನವರು, ಹೊಳಲ್ಕೆರೆ ಬಸ್ಸಿಗೆ ಓಡುವವರು. ಮುರುಗಪ್ಪ ಅಂಗಡಿಯಲ್ಲಿರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯನ್ನು ರಸ್ತೆಯ ಆಚೆ ಬದಿಗೆ ತಂದು ಹಾಕಿಕೊಂಡು, ನಲವತ್ತು ವರ್ಷ ತಾವು ಒಳಗೆ ಕೂತಿದ್ದ ಅಂಗಡಿಯನ್ನು ಎದುರಿನಿಂದ ನೋಡುತ್ತ ಕುಳಿತಿದ್ದರು. ಅಂಗಡಿಯೊಳಗಿಂದ ಗಿರಾಕಿಯೊಬ್ಬಳು ಎರಡು ಸಲ ಕೂಗಿದಳು. ಅವರು ಏಳಲಿಲ್ಲ.