ಮೊದಲು ಕದಲಿದವರು

ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ನನ್ನನ್ನು ಅಮ್ಮ ‘ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದವಳು’ ಎಂದು ಬೈಯುತ್ತಿದ್ದಳು. ಸೈಕಲ್ ಟ್ರ್ಯಾಕಿನಲ್ಲಿ ಆ ಚಡಪಡಿಕೆಯೇ ನನಗೆ ಮುಳುವಾಯಿತು. ನನ್ನ ಸ್ಪರ್ಧೆಯಲ್ಲಿ ಒಮ್ಮೆಗೆ ಇಬ್ಬರೇ. ಮುಂದೆ ಹೋದವಳು ಗಾಳಿ ಸೀಳಿ ಸುಸ್ತಾಗುತ್ತಾಳೆ, ಹಿಂದಿರುವವಳು ಅವಳ ಮರೆಯಲ್ಲೇ ಬಂದು ಕೊನೆಗೆ ನುಗ್ಗುತ್ತಾಳೆ. ಅದಕ್ಕೇ ಇಬ್ಬರೂ ಸೈಕಲ್ ನಿಲ್ಲಿಸಿ, ಕಾಲು ನೆಲಕ್ಕೆ ತಾಗಿಸದೆ, ಎದುರಾಳಿ ಮೊದಲು ಹೊರಡಲಿ ಎಂದು ಕಾಯುತ್ತೇವೆ. ನನಗೆಲ್ಲಿತ್ತು ಆ ತಾಳ್ಮೆ? ಪ್ರತಿ ಸಲ ನಾನೇ ಹೊರಟೆ, ಪ್ರತಿ ಸಲ ಸೋತೆ. ಜೊತೆಯವರೆಲ್ಲ ಆಟ ಬಿಟ್ಟು ಕೋಚ್‌ಗಳಾದರು.

ಮೂವತ್ತೆಂಟನೇ ವಯಸ್ಸಿನಲ್ಲಿ ಹೇಗೋ ಮೊದಲ ಸಲ ಫೈನಲ್ ತಲುಪಿದಾಗ ಎದುರಾದವಳು ಮಗಳ ವಯಸ್ಸಿನ ಹುಡುಗಿ. ಹಲ್ಲು ಕಚ್ಚಿ ನಿಂತೆ. ತೊಡೆ ನಡುಗಿತು, ಬೆವರು ಕಣ್ಣಿಗಿಳಿಯಿತು, ಒಳಗೆ ಜೀವ ಒದ್ದಾಡಿತು. ಹುಡುಗಿಗೇ ತಡೆಯಲಾಗಲಿಲ್ಲ, ಹೊರಟೇಬಿಟ್ಟಳು. ಕೊನೆಯ ಗೆರೆಯ ಬಳಿ ಅವಳನ್ನು ಹಿಂದೆ ಹಾಕಿ ಚಾಂಪಿಯನ್ ಆದೆ.

ಮನೆಗೆ ಬಂದಾಗ ಅಮ್ಮ ಪದಕವನ್ನು ಮೇಜಿನ ಮೇಲಿಟ್ಟು, ನನ್ನೆದುರು ಕುರ್ಚಿ ಎಳೆದುಕೊಂಡು ಕೂತಳು.

“ಗೆದ್ದಾಯ್ತಲ್ಲ ತಾಯಿ, ಇನ್ನಾದ್ರೂ ತೆಪ್ಪಗೆ ಒಂದ್ಕಡೆ ಕೂತ್ಕೋ. ಎದ್ಯೋ, ಕಾಲು ಮುರೀತೀನಿ!”

“ಕೂತಿದ್ದೀನಲ್ಲಮ್ಮ.”

ಒಬ್ಬರನ್ನೊಬ್ಬರು ದಿಟ್ಟಿಸುತ್ತ ಕೂತೆವು. ಒಲೆಯ ಮೇಲೆ ಹಾಲು ಸುಂಯ್ ಎನ್ನತೊಡಗಿತು. ಅಮ್ಮನ ಹೆಬ್ಬೆರಳು ನೆಲ ಕೆರೆಯಿತು. ನಾನು ಕದಲಲಿಲ್ಲ. ಕೊನೆಗೆ ಅವಳೇ “ಅಯ್ಯೋ, ಹಾಲು!” ಎಂದು ಎದ್ದೋಡಿದಳು.

ಅವಳ ಬೆನ್ನು ಕಂಡದ್ದೇ ತಡ, ನಾನು ಸೈಕಲ್ ಏರಿ ಬೀದಿ ದಾಟಿದ್ದೆ.