ನಲವತ್ತು ಹವಳದ ಚೀಟಿಗಳು

ಆ ಹೊಸ ಜಾತಿಯ ಹವಳಕ್ಕೆ ವೈಜ್ಞಾನಿಕ ಹೆಸರಿಟ್ಟವಳು ನಾನಲ್ಲ, ನನ್ನ ತಂಗಿ. ಅಂದಿನಿಂದ ನಮ್ಮ ಸಂಗ್ರಹಾಲಯದ ಚೀಟಿಗಳಲ್ಲಿ ಹವಳದ ಹೆಸರಿನ ಪಕ್ಕ ಅವಳ ಹೆಸರು. ಕಂಡಾಗಲೆಲ್ಲ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

ಆರು ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತು, ಅವಳು ಅದನ್ನು ತಪ್ಪು ಕುಲಕ್ಕೆ, ಅಂದರೆ ತಪ್ಪು ಜೀನಸ್‌ಗೆ, ಸೇರಿಸಿದ್ದಾಳೆಂದು ಸಾಧಿಸಿದೆ. ಹವಳ ಬೇರೆ ಕುಲಕ್ಕೆ ಹೋಯಿತು. ನಾನು ಬೀಗಿದೆ.

ಹೊಟ್ಟೆಕಿಚ್ಚಿನಲ್ಲಿ ನಮ್ಮ ಕಸುಬಿನ ನಿಯಮವನ್ನೇ ಮರೆತಿದ್ದೆ: ಕುಲ ಬದಲಾದರೂ ಮೊದಲು ಹೆಸರಿಟ್ಟವರ ಹೆಸರು ಕಂಸದೊಳಗೆ ಉಳಿಯುತ್ತದೆ, ಬದಲಾಯಿಸಿದವರ ಹೆಸರು ಚೀಟಿಗೆ ಬರುವುದೇ ಇಲ್ಲ.

ಆ ಹವಳದ ಮಾದರಿಗಳಿದ್ದ ನಲವತ್ತು ಪೆಟ್ಟಿಗೆಗಳಿಗೂ ಹೊಸ ಚೀಟಿ ಬರೆಯುವ ಕೆಲಸ ನನ್ನ ತಲೆಗೇ ಬಿತ್ತು. ಕೊನೆಯದನ್ನು ಬರೆಯುವಾಗ ತಂಗಿ ಬಗ್ಗಿ ನೋಡಿದಳು.

"ಅಕ್ಕಾ, ನಿನ್ನ ಅಕ್ಷರ ಎಷ್ಟು ಮುದ್ದಾಗಿದೆ! ನನ್ನ ಹೆಸರನ್ನ ನಾನೇ ಯಾವತ್ತೂ ಇಷ್ಟು ಚೆನ್ನಾಗಿ ಬರ್ದಿಲ್ಲ."